ಬತ್ತೀನಿ ಅಂದಮೇಲೆ ಬರಬೇಕು

ಕಡೂರಿನಲ್ಲಿ ಕೌನ್ಸೆಲರ್ ಹುಡುಕಲು ಹೊರಟವನಿಗೆ ಮೊದಲು ಸಿಗುವುದು ಕೌನ್ಸಿಲರ್. ಇದು ನನ್ನ ಸ್ವಂತ ಅನುಭವ, ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ಬರೆಯುವಾಗ ಎರಡಕ್ಕೂ ಒಂದು ಎತ್ವ, ಒಂದು ಗುಡಿಸಿನ ವ್ಯತ್ಯಾಸವಿರಬಹುದು. ನಮ್ಮೂರಿನವರ ಬಾಯಲ್ಲಿ ಅಷ್ಟೂ ಇಲ್ಲ. ಟೀ ಅಂಗಡಿಯಲ್ಲಿ ‘ಇಲ್ಲಿ ಒಳ್ಳೇ ಕೌನ್ಸೆಲರ್ ಯಾರಾದ್ರೂ ಇದಾರೇನಪ್ಪಾ’ ಎಂದು ಕೇಳಿದೆ. ಅಂಗಡಿಯವನು ‘ಒಳ್ಳೇ’ ಎಂಬ ಮಾತಿಗೆ ಸ್ವಲ್ಪ ಹೊತ್ತು ಯೋಚನೆ ಮಾಡಿದ. ಆಮೇಲೆ ನಮ್ಮ ವಾರ್ಡಿನ ಪುರಸಭಾ ಸದಸ್ಯರ ಮನೆಯ ದಾರಿ ತೋರಿಸಿದ.

ಕಾರಣ ಕೇಳದೆ ಹೋದದ್ದು ನನ್ನ ದಡ್ಡತನ. ಸದಸ್ಯರ ಕಡೆಯವರು ಯಾರೋ ಈ ವಿದ್ಯೆ ಓದಿಕೊಂಡಿರಬೇಕು ಎಂದುಕೊಂಡು ಹೋದೆ. ಸದಸ್ಯರು ಪಂಚೆಯುಟ್ಟು ಜಗಲಿಯ ಮೇಲೆ ಕೂತಿದ್ದರು. ಬಹಳ ಪ್ರೀತಿಯಿಂದ ಕೂರಿಸಿ, ಕಾಫಿ ಕೊಡಿಸಿ, ‘ಹೇಳಿ ಸಾರ್, ಚರಂಡಿನಾ, ಬೀದಿ ದೀಪನಾ’ ಎಂದರು. ನಾನು, ‘ಅದೆಲ್ಲ ಅಲ್ಲ, ಮನೇಲಿ ಮಗು ಅಳೋದೇ ಇಲ್ಲ, ಅದಕ್ಕೆ ಬಂದೆ’ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ನಗಲಿಲ್ಲ, ಅದು ಅವರ ದೊಡ್ಡತನ. ಕೊನೆಗೆ, ‘ಅದಕ್ಕೆ ಪುರಸಭೇಲಿ ಯಾವ ಅನುದಾನನೂ ಇಲ್ವಲ್ಲ ಸಾರ್’ ಎಂದು ನಿಜವಾಗಿಯೂ ಬೇಸರದಿಂದ ಹೇಳಿದರು.

ಇನ್ನೊಂದು ಪದವೂ ನನ್ನ ದಾರಿ ತಪ್ಪಿಸಿತು. ನಾನು ತಾಲ್ಲೂಕು ಕಚೇರಿಯ ಎದುರು ಕೂತು ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳನ್ನು ಬರೆದುಕೊಂಡು ಬದುಕುವ ಪತ್ರ ಬರಹಗಾರ. ಈಗ ಕೈಯಲ್ಲಿ ಬರೆಯುವುದಿಲ್ಲ, ಕಂಪ್ಯೂಟರಿನಲ್ಲಿ ಟೈಪು ಮಾಡುತ್ತೇನೆ. ಆದರೂ ಜನ ಬರಹಗಾರ ಎಂದೇ ಕರೆಯುತ್ತಾರೆ. ಅದನ್ನು ಕೇಳಿ ನನ್ನನ್ನು ಸಾಹಿತಿ ಎಂದು ತಿಳಿದವರೂ ಇದ್ದಾರೆ, ನಾನು ತಿದ್ದಲು ಹೋಗಿಲ್ಲ. ನಮ್ಮ ಕಸುಬಿನಲ್ಲಿ ಅಟ್ಯಾಚ್‌ಮೆಂಟ್ ಎಂದರೆ ಒಂದೇ ಅರ್ಥ, ಜಪ್ತಿ. ಕೋರ್ಟಿನವರು ಬಂದು ಜಮೀನಿಗೆ ನೋಟೀಸು ಅಂಟಿಸಿ ಹೋಗುವುದು. ಆದ್ದರಿಂದ ಶಿವಮೊಗ್ಗದ ಮಕ್ಕಳ ಡಾಕ್ಟರು ನಮ್ಮ ಮಗುವನ್ನು ನೋಡಿ, ‘ಶರೀರದಲ್ಲಿ ಏನೂ ತೊಂದರೆ ಇಲ್ಲ, ಅಟ್ಯಾಚ್‌ಮೆಂಟ್ ವಿಷಯ ಇದು, ಆ ಥರ ಥೆರಪಿ ಮಾಡೋ ಕೌನ್ಸೆಲರ್ ಹತ್ರ ತೋರಿಸಿ’ ಎಂದಾಗ ನನ್ನ ಕಣ್ಣಿಗೆ ಕಂಡದ್ದು ಆ ನೋಟೀಸು. ಮಾರನೆಯ ದಿನ ಪಕ್ಕದ ಮೇಜಿನ ರುದ್ರಪ್ಪನಿಗೆ ಹೇಳಿದರೆ ಅವನು ಕನ್ನಡಕ ಮೇಲೆತ್ತಿ, ‘ಯಾವ ಸರ್ವೆ ನಂಬರಿಗೆ ಅಟ್ಯಾಚ್‌ಮೆಂಟ್ ಬಂದೈತೆ? ಮೊದ್ಲು ಸ್ಟೇ ತಗೊಳ್ಳೋ’ ಎಂದ.

‘ಜಮೀನಿಗಲ್ಲ ಕಣೋ, ಬಿಂದುಗೆ’ ಎಂದೆ. ರುದ್ರಪ್ಪ ಕನ್ನಡಕ ಕೆಳಗಿಳಿಸಿದ. ಬಿಂದು ಯಾರೆಂದು ಅವನಿಗೆ ಗೊತ್ತು. ನಿಮಗೂ ಹೇಳಿಬಿಡುತ್ತೇನೆ.

ಬಿಂದು ನನ್ನ ಹೆಂಡತಿ ಮಂಜುಳಾಳ ಚಿಕ್ಕಮ್ಮನ ಮಗಳ ಮಗಳು. ತಾಯಿ ಜ್ವರ ಬಂದು ತೀರಿಕೊಂಡಾಗ ಆಗತಾನೇ ಮಾತು ಕಲಿಯುತ್ತಿದ್ದ ಕೂಸು. ಅಪ್ಪ ಇನ್ನೊಂದು ಮದುವೆಯಾಗಿ ದೂರದ ಊರಿಗೆ ಹೋದ. ಮಗು ಅಜ್ಜಂಪುರದಲ್ಲಿ ಅಜ್ಜಿಯ ಹತ್ತಿರ ಬೆಳೆಯಿತು. ಅಜ್ಜಿ ಹಾಸಿಗೆ ಹಿಡಿದ ಮೇಲೆ ಅದೇ ಊರಿನ ಚಿಕ್ಕಪ್ಪನ ಮನೆಗೆ ಹೋಯಿತು. ಅಲ್ಲಿ ಮೂರು ಮಕ್ಕಳು ಆಗಲೇ ಇದ್ದವು. ನಮಗೆ ಮಕ್ಕಳಿಲ್ಲ. ಮಂಜುಳಾ ಕೇಳಿದಳು, ಅವರು ಒಪ್ಪಿದರು, ಅಪ್ಪನಾದವನೂ ಬಂದು ಸಹಿ ಹಾಕಿದ. ದತ್ತು ಪತ್ರವನ್ನು ನಾನೇ ಬರೆದೆ. ‘ಇಂದಿನಿಂದ ಸದರಿ ಮಗುವು ನಮ್ಮ ಔರಸ ಪುತ್ರಿಯಂತೆಯೇ ಸಕಲ ಹಕ್ಕುಗಳಿಗೂ ಬಾಧ್ಯಳಾಗಿರುತ್ತಾಳೆ’ ಎಂದು ಬರೆದು, ಇಷ್ಟು ಚೊಕ್ಕಟವಾದ ಪತ್ರವನ್ನು ನನ್ನ ಸರ್ವೀಸಿನಲ್ಲಿ ಬರೆದಿಲ್ಲವೆಂದು ಬೀಗಿದೆ. ನೋಂದಣಿ ಆದಮೇಲೂ ಖಾತೆ ಬದಲಾಗುವುದಕ್ಕೆ ಎಷ್ಟು ಓಡಾಡಬೇಕು ಎಂಬುದನ್ನು ದಿನವೂ ಜನರಿಗೆ ಹೇಳುವ ನನಗೇ ಅದು ನೆನಪಾಗಲಿಲ್ಲ.

ಮಗು ಬಂತು. ಎಂಥ ಮಗು ಅಂತೀರಿ. ಹಠವಿಲ್ಲ, ಅಳುವಿಲ್ಲ, ಅದು ಬೇಕು ಇದು ಬೇಡ ಎಂಬ ಮಾತಿಲ್ಲ. ಬಿದ್ದು ಮೊಣಕಾಲು ತರಚಿಕೊಂಡರೆ ತಾನೇ ನಲ್ಲಿಯ ಹತ್ತಿರ ಹೋಗಿ ತೊಳೆದುಕೊಂಡು ಬರುತ್ತಿತ್ತು. ಯಾರು ಕರೆದರೂ ಹೋಗುತ್ತಿತ್ತು, ಯಾರ ತೊಡೆಯಾದರೂ ಸರಿ, ಗ್ಯಾಸ್ ತಂದವನು ಬಾ ಎಂದರೂ ನಗುತ್ತಾ ಹೋಗಿ ಅವನ ಕೈ ಹಿಡಿದುಕೊಳ್ಳುತ್ತಿತ್ತು. ಬೀದಿಯವರೆಲ್ಲ ‘ಪುಣ್ಯವಂತ್ರು ಕಣ್ರೀ ನೀವು, ಇಂಥ ಒಳ್ಳೇ ಮಗು ಯಾರಿಗೆ ಸಿಗುತ್ತೆ’ ಎಂದರು. ನಾನೂ ಹೌದೆಂದುಕೊಂಡೆ. ಮಂಜುಳಾ ಮಾತ್ರ ಹೌದು ಅನ್ನಲಿಲ್ಲ.

ಅವಳು ಒಂದು ಸಂಗತಿ ಗಮನಿಸಿದ್ದಳು. ನಮ್ಮ ಕಡೆ ಹೊರಗೆ ಹೊರಟವರು ‘ಹೋಗ್ತೀನಿ’ ಎನ್ನುವುದಿಲ್ಲ. ಅದು ಅಪಶಕುನ. ‘ಬತ್ತೀನಿ’ ಎನ್ನಬೇಕು. ಎರಡು ಹೆಜ್ಜೆ ಆಚೆ ಉಪ್ಪು ತರಲು ಹೋಗುವವಳೂ ಬತ್ತೀನಿ, ವರ್ಷಗಟ್ಟಲೆ ಮುಖ ತೋರಿಸದಿರುವ ನೆಂಟನೂ ಬತ್ತೀನಿ. ಹೋಗುವುದಕ್ಕೆ ಬರುವುದು ಎನ್ನುವ ಈ ಜಾಣತನ ಬೇರೆ ಯಾವ ನಾಡಿನಲ್ಲಿದೆಯೋ ಕಾಣೆ. ಮಂಜುಳಾ ಅಂಗಡಿಗೆ ಹೊರಡುವಾಗ ‘ಬತ್ತೀನಿ ಕಣೇ ಬಿಂದು’ ಎನ್ನುವಳು. ಮಗು ನಗುತ್ತಲೇ ‘ಆಯ್ತು ದೊಡ್ಡಮ್ಮ’ ಎನ್ನುವುದು. ಆಮೇಲೆ ಒಳಗೆ ಹೋಗಿ ತನ್ನ ಫ್ರಾಕು, ಬಾಚಣಿಗೆಗಳನ್ನು ಬಟ್ಟೆ ಅಂಗಡಿಯ ಕವರಿಗೆ ಹಾಕಿಕೊಂಡು ಬಾಗಿಲ ಬಳಿ ಕೂರುವುದು. ಅವಳು ವಾಪಸು ಬಂದರೆ ಏನೂ ಆಗದವರ ಹಾಗೆ ಎದ್ದು ಹೋಗಿ ಎಲ್ಲವನ್ನೂ ತಿರುಗಿ ಜೋಡಿಸುವುದು.

ಮಂಜುಳಾ ಇದನ್ನು ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಅಮ್ಮ ಬತ್ತೀನಿ ಅಂದಿರಬೇಕು ಆಸ್ಪತ್ರೆಗೆ ಹೊರಡುವಾಗ. ಅಪ್ಪನೂ ಅಂದಿರಬೇಕು. ಹಾಸಿಗೆ ಹಿಡಿದ ಅಜ್ಜಿಯೂ ಕಳಿಸಿಕೊಡುವಾಗ ನೋಡೋಕೆ ಬತ್ತೀನಿ ಅಂದಿರಬೇಕು. ನಾವೆಲ್ಲ ಶಕುನಕ್ಕಾಗಿ ಆಡುವ ಮಾತನ್ನು ಆ ಕೂಸು ನಿಜವೆಂದು ನಂಬಿ ಎಷ್ಟು ಸಲ ಬಾಗಿಲ ಬಳಿ ಕೂತಿತ್ತೋ. ಈಗ ಅದಕ್ಕೆ ನಮ್ಮ ಭಾಷೆ ಚೆನ್ನಾಗಿ ಅರ್ಥವಾಗಿತ್ತು, ಬತ್ತೀನಿ ಎಂದರೆ ಗಂಟುಮೂಟೆ ಕಟ್ಟಿಕೋ ಎಂದು.

ನಮ್ಮ ಜನ ಸಾಮಾನ್ಯರಲ್ಲ. ಹಿಂದೆ ದೆವ್ವ ಬಂದು ಬಾಗಿಲು ತಟ್ಟುತ್ತದೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದವರು. ದೆವ್ವ ದಿನಾ ಬಂದು ಓದಿ, ಸರಿ ನಾಳೆ ಬರೋಣ ಎಂದು ಹೋಗುತ್ತಿತ್ತಂತೆ. ಅಕ್ಷರ ಬಲ್ಲ, ಮಾತಿಗೆ ತಪ್ಪದ ದೆವ್ವ. ಅದನ್ನು ಹೀಗೆ ಏಮಾರಿಸಿದವರಿಗೆ ಮಕ್ಕಳನ್ನು ಏಮಾರಿಸುವುದು ಯಾವ ಲೆಕ್ಕ? ಮಗುವಿಗೆ ಗುಬ್ಬಿ ತೋರಿಸಿ ಹಿತ್ತಿಲ ಬಾಗಿಲಿಂದ ಜಾರಿಕೊಳ್ಳುವುದು, ಅಳುವ ಕೂಸಿನ ಕಣ್ಣು ತಪ್ಪಿಸಿ ಬಸ್ಸು ಹತ್ತುವುದು, ಇವೆಲ್ಲ ನಮ್ಮಲ್ಲಿ ತಪ್ಪೇ ಅಲ್ಲ, ಅದೊಂದು ಉಪಾಯ.

ಅಷ್ಟರಲ್ಲಿ ಅಜ್ಜಂಪುರದಿಂದ ಬಿಂದುವಿನ ಚಿಕ್ಕಪ್ಪ ಒಂದು ಭಾನುವಾರ ಬಂದರು. ಕೆಟ್ಟವರಲ್ಲ. ಮಂಜುಳಾ ತನ್ನ ಸಂಕಟ ಹೇಳಿಕೊಂಡಾಗ, ‘ನೋಡಮ್ಮ, ಹೊಂದ್ಕೊಳ್ಲಿಲ್ಲ ಅಂದ್ರೆ ಮುಚ್ಚುಮರೆ ಬ್ಯಾಡ. ನಮ್ಮನೇಲೇ ಇರ್ಲಿ ಬಿಡಿ, ಮೂರರ ಜೊತೆ ನಾಕು’ ಎಂದರು. ಮಾತು ಇನ್ನೂ ಮುಗಿದಿರಲಿಲ್ಲ, ಬಿಂದು ಕವರು ಹಿಡಿದುಕೊಂಡು ಹೊರಗೆ ಬಂದು ಅವರ ಚಪ್ಪಲಿಯ ಪಕ್ಕದಲ್ಲಿ ನಿಂತಿತು. ಕಣ್ಣಲ್ಲಿ ಒಂದು ಹನಿ ಇಲ್ಲ. ಮಂಜುಳಾ ಎದ್ದು ಅಡುಗೆಮನೆಗೆ ಹೋದಳು. ಅವರನ್ನು ಹೇಗೋ ಸಾಗಹಾಕಿ ನಾನು ಒಳಗೆ ಹೋದಾಗ ಅವಳು, ‘ನಾನು ಅವಳಿಗೆ ಏನೂ ಅಲ್ಲ ಕಣ್ರೀ. ಅಲ್ಲೇ ಚೆನ್ನಾಗಿರ್ತಾಳೇನೋ. ಕಳಿಸ್ಬಿಡೋಣ್ವಾ’ ಎಂದಳು. ಮಗುವಿಗಾಗಿ ಹತ್ತು ವರ್ಷ ಕಾದವಳ ಬಾಯಲ್ಲಿ ಆ ಮಾತು ಬಂತೆಂದರೆ ಒಳಗೆ ಎಷ್ಟು ಬೆಂದಿರಬೇಕು ಯೋಚಿಸಿ. ಕಳಿಸಿದರೆ ಆ ಮಗು ಮತ್ತೊಮ್ಮೆ ಮನೆ ಬದಲಿಸಬೇಕು. ಇಟ್ಟುಕೊಂಡರೆ ನಮ್ಮ ಮನೆಯಲ್ಲಿ ಬಸ್ಸಿಗೆ ಕಾಯುವವರ ಹಾಗೆ ಬದುಕಬೇಕು. ಅದಾದ ಮೇಲೇ ನಾವು ಶಿವಮೊಗ್ಗದ ಡಾಕ್ಟರಲ್ಲಿಗೆ ಹೋದದ್ದು, ನಾನು ಕೌನ್ಸಿಲರರ ಜಗಲಿ ಹತ್ತಿದ್ದು.

ಅಲ್ಲಿಂದ ಮುಂದಿನ ಹುಡುಕಾಟವನ್ನೂ ಕೇಳಿ. ಒಂದು ಕಡೆ ‘ಕೌನ್ಸೆಲಿಂಗ್’ ಎಂಬ ದೊಡ್ಡ ಬೋರ್ಡು ಕಂಡು ಮಗುವನ್ನು ಕರೆದುಕೊಂಡೇ ಒಳಗೆ ಹೋದೆವು. ‘ಮಗು ಯಾವ ಕೋರ್ಸು ಅಂತಿದಾಳೆ, ಸಿಇಟಿ ರ್‍ಯಾಂಕ್ ಎಷ್ಟು’ ಎಂದು ಕೇಳಿದರು. ಎಂಜಿನಿಯರಿಂಗ್ ಸೀಟು ಕೊಡಿಸುವ ಜಾಗ. ಬಿಂದು ಆಗ ಒಂದನೇ ಕ್ಲಾಸು. ಇನ್ನೊಂದು ದೊಡ್ಡ ಊರಿನಲ್ಲಿ ಒಬ್ಬ ಮಹಾಶಯ ನಿಜವಾಗಿ ಸಿಕ್ಕಿದ. ಸಿಕ್ಕವನು ಮಗುವಿನ ಕಡೆ ನೋಡದೆ, ‘ಆರು ಸಿಟ್ಟಿಂಗು, ಅಮ್ಮ ಅನ್ನಿಸ್ತೀನಿ, ಗ್ಯಾರಂಟಿ’ ಎಂದ. ವಿಧಾನ ಏನೆಂದರೆ, ಮಗುವನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕಂತೆ, ಒದ್ದಾಡಿದರೂ ಬಿಡಬಾರದಂತೆ, ಅಳುವ ತನಕ. ‘ಒಳಗಿನ ಸಿಟ್ಟೆಲ್ಲ ಹೊರಗೆ ಬರುತ್ತೆ’ ಎಂದ. ಮಂಜುಳಾ ಯಾರ ಎದುರಿಗೂ ದನಿಯೆತ್ತಿದವಳಲ್ಲ. ಅವತ್ತು ಎದ್ದು ನಿಂತು, ‘ಕರುನೂ ಹಿಂಗೆ ಹಿಡಿಯಲ್ಲ ಸ್ವಾಮಿ’ ಎಂದು ಬಿಂದುವಿನ ಕೈ ಹಿಡಿದು ಹೊರಟುಬಿಟ್ಟಳು. ಆ ದಿನದಿಂದ ನನ್ನ ಹೆಂಡತಿಯ ಮೇಲೆ ನನಗಿದ್ದ ಗೌರವ, ಮೊದಲೇ ಇತ್ತು ಅನ್ನಿ, ಇನ್ನೂ ಹೆಚ್ಚಾಯಿತು.

ಕೊನೆಗೆ ದಾರಿ ತೋರಿಸಿದವರು ಬಿಂದುವಿನ ಶಾಲೆಯ ಮಿಸ್ಸು. ‘ಆಪ್ತ ಸಮಾಲೋಚಕರು ಅಂತ ಕೇಳಿ ಸಾರ್, ತರೀಕೆರೇಲಿ ನಸೀಮಾ ಮೇಡಂ ಇದಾರೆ’ ಎಂದರು. ಆಪ್ತ ಸಮಾಲೋಚಕರು. ಎಂಥ ಒಳ್ಳೆಯ ಪದ. ಇದೊಂದು ಪದ ಮೊದಲೇ ಗೊತ್ತಿದ್ದರೆ ಸದಸ್ಯರ ಮನೆಯ ಕಾಫಿ ಉಳಿಯುತ್ತಿತ್ತು.

ತರೀಕೆರೆಯ ಪೇಟೆ ಬೀದಿಯಲ್ಲಿ ಒಂದು ಬಳೆ ಅಂಗಡಿ, ಅದರ ಮೇಲೆ ನಸೀಮಾ ಮೇಡಂ ಅವರ ಕೋಣೆ. ಅಂಗಡಿ ಅವರ ಮಾವನವರದು. ಮೇಡಂ ಕೂಡ ಅಜ್ಜಂಪುರದಲ್ಲಿ ಹುಟ್ಟಿ ಬೆಳೆದವರು, ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ, ಆಸ್ಪತ್ರೆಯೊಂದರಲ್ಲಿ ಮಕ್ಕಳ ಜೊತೆ ಕೆಲಸ ಮಾಡಿ ಬಂದವರು. ಇದನ್ನೆಲ್ಲ ನನಗೆ ಯಾರೋ ಹೇಳಿದ್ದಲ್ಲ. ಹೋದ ತಕ್ಷಣ ಮಂಜುಳಾ ಕೇಳಿದಳು. ಒಂದು ಸಲ ಪೆಟ್ಟು ತಿಂದಿದ್ದಳಲ್ಲ. ಏನು ಓದಿದೀರಿ, ಇಂಥ ಮಕ್ಕಳನ್ನ ನೋಡಿದೀರಾ, ನಾನು ಒಳಗೇ ಕೂತಿರಬಹುದಾ, ಮಗುನ ಹಿಡಿದು ಗಿಡಿದು ಮಾಡಲ್ಲ ತಾನೇ? ನಾನು ಸಂಕೋಚದಿಂದ ಮುದುಡಿ ಹೋದೆ. ಮೇಡಂ ಸಂತೋಷಪಟ್ಟರು.

‘ಎಲ್ರೂ ಹಿಂಗೇ ಕೇಳ್ಬೇಕಮ್ಮ. ಸೀರೆ ತಗೊಳ್ಳೋವಾಗ ಸೆರಗು ಬಿಚ್ಚಿ ನೋಡ್ತೀವಿ, ಇದಕ್ಕೆ ಮಾತ್ರ ನಾಚ್ಕೊಂಡು ಕೂತ್ಕೋತಾರೆ’ ಎಂದರು. ‘ನೀವು ಒಳಗೇ ಇರ್ಬೇಕು, ನೀವಿಲ್ದೆ ನಾನೇನೂ ಮಾಡೋಕಾಗಲ್ಲ. ಮೂರ್ನಾಕು ಸಲ ಬಂದು ನೋಡಿ. ನಾನು ಹಿಡಿಸ್ಲಿಲ್ಲ ಅಂದ್ರೆ ಹೇಳಿ, ಬೇಜಾರಿಲ್ಲ, ಬೇರೆಯವ್ರ ಹೆಸ್ರು ಕೊಡ್ತೀನಿ. ಗ್ಯಾರಂಟಿ ಮಾತ್ರ ಕೇಳ್ಬೇಡಿ. ಮಿಕ್ಸಿಗೆ ಕೊಡ್ಬೋದು, ಮಗೂಗೆ ಕೊಡೋಕಾಗಲ್ಲ.’

ನನಗೆ ಹಿಡಿಸಿಬಿಟ್ಟರು. ನಿಮ್ಮಲ್ಲಿ ಯಾರಾದರೂ ಇಂಥವರನ್ನು ಹುಡುಕುತ್ತಿದ್ದರೆ ಬೋರ್ಡು ನೋಡಬೇಡಿ, ಪ್ರಶ್ನೆ ಕೇಳಿದಾಗ ಮುಖ ನೋಡಿ. ಸಿಡುಕಿದರೆ ಎದ್ದು ಬನ್ನಿ.

ಅಟ್ಯಾಚ್‌ಮೆಂಟ್ ಎಂದರೇನೆಂದು ನಾನು ಕೇಳಿದೆ, ಜಪ್ತಿಯ ವಿಷಯ ಮುಚ್ಚಿಟ್ಟುಕೊಂಡು. ಮೇಡಂ, ‘ಹಚ್ಕೊಳ್ಳೋದು ಸಾರ್, ಅಷ್ಟೇ’ ಎಂದರು. ಹಚ್ಚಿಕೊಳ್ಳುವುದು! ದೀಪ ಹಚ್ಚುತ್ತೇವೆ, ತಲೆಗೆ ಎಣ್ಣೆ ಹಚ್ಚುತ್ತೇವೆ, ಗಾಯಕ್ಕೆ ಮುಲಾಮು ಹಚ್ಚುತ್ತೇವೆ, ಮಗು ಅಜ್ಜಿಯನ್ನು ಹಚ್ಚಿಕೊಂಡಿದೆ ಎನ್ನುತ್ತೇವೆ. ಬೆಳಕು, ತಂಪು, ಔಷಧಿ, ಪ್ರೀತಿ, ಎಲ್ಲಕ್ಕೂ ಒಂದೇ ಪದವಿಟ್ಟುಕೊಂಡು ನಾನು ನೋಟೀಸು ಅಂಟಿಸುವ ಇಂಗ್ಲಿಷಿನ ಹಿಂದೆ ಓಡಾಡಿದ್ದೆ.

ಮೇಡಂ ಮುಂದುವರಿಸಿದರು. ‘ಮಗು ಹುಟ್ದಾಗಿಂದ ಒಂದೇ ಪ್ರಶ್ನೆ ಕೇಳ್ತಿರುತ್ತೆ, ನಾನು ಅತ್ರೆ ಯಾರಾದ್ರೂ ಬರ್ತಾರಾ ಅಂತ. ಅವರೇ ಬಂದ್ರು, ದಿನಾ ಬಂದ್ರು ಅಂದ್ರೆ, ಅವರನ್ನ ಹಚ್ಕೊಂಡು ಧೈರ್ಯವಾಗಿ ಆಡೋಕೆ ಹೋಗುತ್ತೆ. ಬರ್ಲಿಲ್ಲ ಅಂದ್ರೆ ಕೆಲವು ಮಕ್ಳು ಇನ್ನೂ ಜೋರಾಗಿ ಅಳ್ತಾವೆ, ಕೆಲವು ಅಳೋದನ್ನೇ ಬಿಟ್ಬಿಡ್ತಾವೆ. ಬಿಂದು ಬಿಟ್ಬಿಟ್ಟಿದಾಳೆ. ಇದು ಅವಳ ಕೆಟ್ಟತನ ಅಲ್ಲ, ನಿಮ್ಮ ತಪ್ಪೂ ಅಲ್ಲ. ಅವಳು ಬದುಕಿಕೊಂಡ ದಾರಿ ಅದು. ಈಗ ಬೇರೆ ದಾರಿನೂ ಐತೆ ಅಂತ ನಿಧಾನವಾಗಿ ತೋರಿಸ್ಬೇಕು.’

ಆ ಇಡೀ ಹೊತ್ತು ಬಿಂದು ಮೂಲೆಯಲ್ಲಿ ಅಡುಗೆ ಆಟದ ಪಾತ್ರೆಗಳನ್ನು ಜೋಡಿಸುತ್ತಿತ್ತು. ಮೇಡಂ ಅದನ್ನು ಮಾತಾಡಿಸಲೂ ಇಲ್ಲ, ಮುದ್ದಿಸಲೂ ಇಲ್ಲ. ಚಿಕಿತ್ಸೆ ಯಾವಾಗ ಶುರುವಾಗುತ್ತದೆಂದು ನಾನು ಗಡಿಯಾರ ನೋಡುತ್ತಿದ್ದೆ. ಅವರು ಮಂಜುಳಾಳಿಗೆ, ‘ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ, ಏನೂ ಹೇಳ್ಕೊಡ್ಬೇಡಿ, ಅವಳು ಏನು ಬಡಿಸಿದ್ರೂ ತಿನ್ನಿ’ ಎಂದರು. ನನ್ನ ಹೆಂಡತಿ ಒಂದು ಗಂಟೆ ಗಾಳಿ ಊಟ ಮಾಡಿದಳು. ನಮ್ಮ ಥೆರಪಿ ಅದೇ ಆಗಿತ್ತೆಂದು ನನಗೆ ಬಸ್ಸಿನಲ್ಲಿ ಗೊತ್ತಾಯಿತು.

ಆಮೇಲೆ ವಾರವಾರವೂ ಹೋದೆವು. ಒಂದು ದಿನ ನನ್ನನ್ನೇ ಹಿಡಿದರು. ‘ಸಾರ್, ಚಿಕ್ಕೋರಾಗಿದ್ದಾಗ ನೀವು ಯಾರನ್ನ ಹಚ್ಕೊಂಡಿದ್ರಿ?’ ನಾನು ತಬ್ಬಿಬ್ಬಾದೆ. ನಮ್ಮದು ಹತ್ತಾರು ಜನರ ಒಟ್ಟು ಕುಟುಂಬ. ಯಾರ ಸೊಂಟ ಖಾಲಿ ಇರುತ್ತಿತ್ತೋ ಅಲ್ಲಿ ನಾನು. ಯಾರ ಮೇಲೂ ವಿಶೇಷ ಹಕ್ಕಿಲ್ಲ, ಯಾರಿಂದಲೂ ವಿಶೇಷ ಕೊರತೆಯೂ ಇಲ್ಲ. ‘ಅದಕ್ಕೇ ನಿಮಗೆ ಬಿಂದು ಒಳ್ಳೇ ಮಗು ಅನ್ನಿಸ್ತು’ ಎಂದು ಮೇಡಂ ನಕ್ಕರು. ಮಂಜುಳಾಳನ್ನೂ ಕೇಳಿದರು. ಅವಳು ತನ್ನ ಅಮ್ಮನ ಸೆರಗು ಹಿಡಿದೇ ಬೆಳೆದವಳು, ಆದ್ದರಿಂದಲೇ ಸೆರಗು ಹಿಡಿಯದ ಮಗು ಅವಳಿಗೆ ಅಷ್ಟು ನೋವು ಕೊಟ್ಟಿತ್ತು. ದೊಡ್ಡವರು ತಾವು ಹೇಗೆ ಬೆಳೆದೆವೆಂದು ತಿಳಿದುಕೊಂಡರೆ ಮಗುವಿನ ಮೇಲೆ ಅದನ್ನು ಹೇರುವುದಿಲ್ಲವಂತೆ. ಪತ್ರ ಬರೆಯುವ ಮುಂಚೆ ಮೂಲ ಪತ್ರ ನೋಡುವ ಹಾಗೆ. ಈ ಮಾತು ನನಗೆ ತಕ್ಷಣ ತಲೆಗೆ ಹೋಯಿತು.

‘ಬತ್ತೀನಿ’ಯ ವಿಷಯ ಕೇಳಿದ ದಿನ ಮೇಡಂ, ‘ನಮ್ಮನೆ ಉರ್ದೂಲೂ ಅದೇ ಸಾರ್. ಜಾತೂಂ, ಅಂದ್ರೆ ಹೋಗ್ತೀನಿ, ಅನ್ಬಾರ್ದು, ಜಾಕೆ ಆತೂಂ ಅನ್ಬೇಕು, ಹೋಗಿ ಬರ್ತೀನಿ ಅಂತ. ಎರಡು ಭಾಷೇಲೂ ಹೋಗೋರೇ ಇಲ್ಲ, ಎಲ್ರೂ ಬರೋರೇ’ ಎಂದರು. ಅವರ ಸಲಹೆ ಸರಳವಾಗಿತ್ತು. ಆ ಮಾತನ್ನು ಬಿಡಬೇಡಿ, ನಿಜ ಮಾಡಿ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ, ಅವಳಿಗೆ ತಿಳಿಯುವ ಹಾಗೆ ಹೇಳಿ. ಗಂಟೆ ಹೇಳಬೇಡಿ, ‘ಹಾಲಿನೋನು ಬರೋ ಹೊತ್ತಿಗೆ’ ಅನ್ನಿ. ಕಣ್ಣು ತಪ್ಪಿಸಿ ಒಂದು ಸಲವೂ ಹೋಗಬೇಡಿ. ಹೇಳಿದ ಹೊತ್ತಿಗೆ ಬನ್ನಿ. ಬಟ್ಟೆ ತುಂಬಿಕೊಂಡರೆ ತುಂಬಿಕೊಳ್ಳಲಿ, ಕವರು ಕಿತ್ತುಕೊಳ್ಳಬೇಡಿ.

ಹೇಳುವುದಕ್ಕೆ ಸುಲಭ. ಒಂದು ವಾರ ಹಾಗೆ ನಡೆದುಕೊಂಡು ನೋಡಿ, ನಾವು ದಿನಕ್ಕೆ ಎಷ್ಟು ಸುಳ್ಳು ಹೇಳುತ್ತೇವೆಂದು ತಿಳಿಯುತ್ತದೆ. ‘ಈಗ ಬಂದೆ’ ಎಂದು ಹೋಗಿ ರುದ್ರಪ್ಪನ ಜೊತೆ ಹರಟೆ ಹೊಡೆಯುತ್ತಿದ್ದವನು ನಾನು. ‘ಹತ್ತೇ ನಿಮಿಷ’ ಎಂದರೆ ನಮ್ಮ ಕಚೇರಿಯಲ್ಲಿ ಮಧ್ಯಾಹ್ನ ಎಂದರ್ಥ. ಮಂಜುಳಾ ಮಾತ್ರ ಹೇಳಿದ ಹಾಗೆ ನಡೆದಳು. ಸಂತೆಯಲ್ಲಿ ಪರಿಚಯದವರು ಸಿಕ್ಕಿ ಮಾತಿಗೆಳೆದರೆ, ‘ಹಾಲಿನೋನು ಬರ್ತಾನೆ’ ಎಂದು ಓಡುವಳು. ಅವಳಿಗೆ ಹಾಲಿನವನ ಮೇಲೆ ಇಷ್ಟು ಭಯಭಕ್ತಿ ಏಕೆಂದು ಬೀದಿಯಲ್ಲಿ ಸಣ್ಣ ಮಾತೂ ಹುಟ್ಟಿತು. ದಿನಾ ಸಂಜೆ ಚಾಪೆಯ ಮೇಲೆ ಕೂತು ಗಾಳಿ ಊಟ ಮಾಡುವಳು. ಇಷ್ಟಾದರೂ ಮಗುವಿನಿಂದ ಒಂದು ಗುರುತೂ ಇಲ್ಲ. ಬೇರೆಯವರಾಗಿದ್ದರೆ ಬೇಸತ್ತು ಹೋಗುತ್ತಿದ್ದರು. ದೇವರ ಮುಂದೆ ವರ್ಷಗಟ್ಟಲೆ ದೀಪವಿಟ್ಟು ಏನನ್ನೂ ಕೇಳದವರನ್ನು ಭಕ್ತರು ಎನ್ನುತ್ತೇವೆ; ನನ್ನ ಮನೆಯಲ್ಲೇ ಅಂಥವಳೊಬ್ಬಳಿದ್ದಳೆಂದು ನನಗೆ ಆಗ ತಿಳಿಯಿತು.

ಒಮ್ಮೆ ತರೀಕೆರೆಯಿಂದ ಹಾಗೇ ಅಮೃತಾಪುರಕ್ಕೆ ಹೋಗಿದ್ದೆವು. ದೇವಸ್ಥಾನದ ಅಂಗಳದಲ್ಲಿ ಬಿಂದು ಕಲ್ಲಿನ ಆನೆಗಳನ್ನು ನೋಡುತ್ತಾ ದೂರ ಹೋಯಿತು. ಹೋಗುತ್ತಾ ಹೋಗುತ್ತಾ ಒಂದು ಕಡೆ ನಿಂತು ತಿರುಗಿ ನೋಡಿತು. ಮಂಜುಳಾ ಕೂತಲ್ಲೇ ಇದ್ದಾಳೆಂದು ಖಾತ್ರಿ ಮಾಡಿಕೊಂಡು ಮುಂದೆ ಹೋಯಿತು. ಅಷ್ಟೇ. ಮಂಜುಳಾ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು, ‘ನೋಡಿದ್ರಾ, ತಿರುಗಿ ನೋಡಿದ್ಲು’ ಎಂದಳು. ಎಷ್ಟೋ ಶತಮಾನಗಳ ಶಿಲ್ಪ ನೋಡಲು ಬಂದವರು ನಾವು, ಒಂದು ಸಣ್ಣ ಕುತ್ತಿಗೆ ತಿರುಗಿದ್ದನ್ನು ನೋಡಿ ಕಣ್ಣೊರೆಸಿಕೊಂಡು ಬಂದೆವು. ಮುಂದಿನ ವಾರ ಹೇಳಿದಾಗ ಮೇಡಂ ಕೂಡ ಕುರ್ಚಿಯಿಂದ ಮುಂದಕ್ಕೆ ಬಗ್ಗಿ, ಎಷ್ಟು ದೂರದಿಂದ, ಹೇಗೆ ನೋಡಿದಳು, ಎಂದು ಕ್ರಿಕೆಟ್ ಕೇಳುವವರ ಹಾಗೆ ಕೇಳಿದರು. ‘ಆದ್ರೂ ಇನ್ನೂ ದೂರ ಐತೆ ಅಮ್ಮ’ ಎಂದು ಎಚ್ಚರವನ್ನೂ ಹೇಳಿದರು.

ದೂರವೇ ಇತ್ತು. ಅಜ್ಜಂಪುರದ ಚಿಕ್ಕಪ್ಪ ನಡುನಡುವೆ ಫೋನು ಮಾಡಿ, ‘ಏನು ನಿರ್ಧಾರ ಮಾಡಿದ್ರಿ’ ಎಂದು ಕೇಳುತ್ತಿದ್ದರು. ಮಂಜುಳಾ, ‘ಇನ್ನೂ ಸ್ವಲ್ಪ ದಿನ ನೋಡ್ತೀವಿ’ ಎನ್ನುವಳು. ಬೇಡ ಎಂದು ಖಂಡಿತವಾಗಿ ಹೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಮಗುವಿಗೆ ತಾನು ಬೇಕೋ ಬೇಡವೋ ತಿಳಿಯದೆ ಹೇಗೆ ಹೇಳಿಯಾಳು?

ಹೀಗಿರುವಾಗ ಮಂಜುಳಾ ಒಂದು ನಾಮಕರಣಕ್ಕೆಂದು ಸಖರಾಯಪಟ್ಟಣಕ್ಕೆ ಹೋಗಬೇಕಾಯಿತು. ‘ಶಾಲೆ ಬಿಟ್ಟು ನೀನು ಬರೋ ಹೊತ್ತಿಗೆ ಮನೇಲಿರ್ತೀನಿ’ ಎಂದು ಬಿಂದುವಿಗೆ ಹೇಳಿ ಹೋದಳು. ಬರುವಾಗ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಫೋನಿನಲ್ಲಿ ಚಾರ್ಜಿಲ್ಲ. ಶಾಲೆ ಬಿಟ್ಟಿತು, ಬಿಂದು ಬಂತು, ಮನೆಯಲ್ಲಿ ನಾನೊಬ್ಬನೇ. ದೋಸೆ ಹಾಕಿಕೊಡಲು ಹೋದೆ, ಬೇಡ ಎಂದಿತು. ಆ ಮಗುವಿನ ಬಾಯಲ್ಲಿ ‘ಬೇಡ’ ಎಂಬ ಪದವನ್ನು ನಾನು ಕೇಳಿದ್ದು ಅದೇ ಮೊದಲು. ಕವರು ಹಿಡಿದು ಬಾಗಿಲ ಬಳಿ ಹೋಗುತ್ತದೆಂದು ನಾನು ಕಾಯುತ್ತಿದ್ದೆ. ಹೋಗಲಿಲ್ಲ. ಮಂಜುಳಾ ಮಲಗುವ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿತು.

ದೀಪ ಹಚ್ಚುವ ಹೊತ್ತಿಗೆ ಮಂಜುಳಾ ಏದುಸಿರು ಬಿಡುತ್ತಾ ಬಂದಳು. ಚಪ್ಪಲಿ ಒಂದು ಕಡೆ, ಬ್ಯಾಗು ಒಂದು ಕಡೆ. ಬಿಂದು ಎದ್ದು ಕೂತು ಅವಳನ್ನು ನೋಡಿತು. ಮುಖ ಕೆಂಪಾಗುತ್ತಾ ಬಂತು. ಆಮೇಲೆ ಕಿರುಬೆರಳು ಮುಂದೆ ಚಾಚಿ, ‘ಠೂ. ನಿನ್ ಜೊತೆ ಠೂ. ಮಾತಾಡಿಸ್ಬೇಡ ನನ್ನ’ ಎಂದು ಕಿರುಚಿ, ದಿಂಬನ್ನು ಅವಳ ಕಡೆ ಎಸೆದು, ಮತ್ತೆ ಗೋಡೆಗೆ ಮುಖ ಮಾಡಿ ಬಿದ್ದುಕೊಂಡು ದೊಡ್ಡ ದನಿ ತೆಗೆದು ಅತ್ತಿತು. ಪಕ್ಕದ ಮನೆಯವರು ಕಿಟಕಿಯಿಂದ, ‘ಏನಾಯ್ತ್ರೀ ಮಗೂಗೆ’ ಎಂದು ಕೇಳಿದರು.

ಮಂಜುಳಾ ದಿಂಬನ್ನು ಎದೆಗಪ್ಪಿಕೊಂಡು ಅಲ್ಲೇ ನಿಂತಿದ್ದಳು. ‘ನನಗೆ ಠೂ ಬಿಟ್ಲು ಕಣ್ರೀ’ ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ನಾನು ಹೇಳಲಾರೆ. ಯೋಚಿಸಿ ನೋಡಿ, ದಾರಿಯಲ್ಲಿ ಹೋಗುವವರ ಜೊತೆ ಯಾರಾದರೂ ಠೂ ಬಿಡುತ್ತಾರೆಯೇ? ಠೂ ಬಿಡಬೇಕಾದರೆ ಮೊದಲು ಜೊತೆ ಇರಬೇಕು. ಗ್ಯಾಸಿನವನ ಕೈ ಹಿಡಿದುಕೊಂಡು ಹೋಗುತ್ತಿದ್ದ ಮಗು ಇಡೀ ಲೋಕದಲ್ಲಿ ಒಬ್ಬಳನ್ನು ಆರಿಸಿ, ಅವಳ ಮೇಲೆ ಕೋಪ ಮಾಡಿಕೊಂಡಿತ್ತು.

ನಾನು ಗಾಬರಿಯಲ್ಲಿ ನಸೀಮಾ ಮೇಡಂಗೆ ಫೋನು ಮಾಡಿದೆ. ಅಳುವಿನ ಸದ್ದು ಅವರಿಗೂ ಕೇಳಿಸಿತು. ಅವರ ದನಿಯ ಸಂತೋಷ ಕೇಳಬೇಕಿತ್ತು. ‘ಅಳ್ಲಿ ಸಾರ್, ಸಮಾಧಾನ ಮಾಡೋ ಆತುರ ಬೇಡ. ಮಂಜಮ್ಮಂಗೆ ಹೇಳಿ, ಹತ್ರ ಹೋಗಿ ಕೂತು ನಿಜ ಹೇಳಿ ರಾಜಿ ಮಾಡ್ಕೊಳ್ಳಲಿ. ಮುರಿದೇ ಇರೋ ಹಂಗೆ ಯಾರ ಕೈಲೂ ಆಗಲ್ಲ. ಮುರಿದಿದ್ದನ್ನ ಸರಿ ಮಾಡೋಕೆ ಮೊದ್ಲು ಹೋಗೋರು ದೊಡ್ಡೋರಾಗಿರ್ಬೇಕು, ಅಷ್ಟೇ’ ಎಂದರು. ಎಷ್ಟೋ ರಾಜಿಪತ್ರಗಳನ್ನು ಬರೆದ ನನಗೆ ಇಷ್ಟು ನ್ಯಾಯವಾದ ಷರತ್ತನ್ನು ಯಾವ ವಕೀಲರೂ ಹೇಳಿರಲಿಲ್ಲ.

ಮಂಜುಳಾ ಮಂಚದ ಅಂಚಿಗೆ ಕೂತಳು. ‘ತಪ್ಪಾಯ್ತು ಕಣೇ. ಬಸ್ಸು ಕೆಟ್ಟೋಯ್ತು. ಹೇಳಿದ ಹೊತ್ತಿಗೆ ಬರ್ಲಿಲ್ಲ ನಾನು. ನಿಂಗೆ ಹೆದರಿಕೆ ಆಯ್ತು’ ಎಂದಳು. ಅಷ್ಟು ಹೇಳಿ ದಿಂಬನ್ನು ಅದರ ಪಕ್ಕದಲ್ಲಿಟ್ಟಳು. ಅಳು ಬಿಕ್ಕಳಿಕೆಯಾಯಿತು. ಬಿಕ್ಕಳಿಕೆ ನಿಧಾನವಾಯಿತು. ಬಿಂದು ಗೋಡೆಯ ಕಡೆಯಿಂದ ತಿರುಗದೆಯೇ ಸ್ವಲ್ಪ ಸ್ವಲ್ಪವಾಗಿ ಹಿಂದೆ ಸರಿದು, ತನ್ನ ಬೆನ್ನನ್ನು ಮಂಜುಳಾಳ ತೊಡೆಗೆ ತಾಗಿಸಿಕೊಂಡಿತು. ಆಮೇಲೆ ಮೂಗು ಒರೆಸಿಕೊಂಡು, ‘ಇನ್ನೊಂದ್ಸಲ ಹಿಂಗೆ ಮಾಡಿದ್ರೆ ಬಯ್ತೀನಿ’ ಎಂದಿತು.

ಇನ್ನೊಂದು ಸಲ. ಹೊರಟು ಹೋಗುವವರು ಇನ್ನೊಂದು ಸಲದ ಮಾತಾಡುವುದಿಲ್ಲ. ಮಂಜುಳಾ ಆ ಸಂಜೆಯೇ ಅಜ್ಜಂಪುರಕ್ಕೆ ಫೋನು ಮಾಡಿ, ‘ಇಲ್ಲ ಅಣ್ಣ, ಕಳಿಸಲ್ಲ’ ಎಂದು ಹೇಳಿದಳು. ಪಕ್ಕದ ಮನೆಯವರು ಈಗ, ‘ಮೊದ್ಲು ಎಷ್ಟು ಒಳ್ಳೇ ಮಗು ಆಗಿತ್ತು, ಈಗ ಬರ್ತಾ ಬರ್ತಾ ಹಠ ಜಾಸ್ತಿ ಆಯ್ತು ಕಣ್ರೀ’ ಎನ್ನುತ್ತಾರೆ. ಮಂಜುಳಾ ಬಹಳ ವ್ಯಥೆಯಿಂದೆಂಬಂತೆ ಹೌದೆಂದು ತಲೆದೂಗುತ್ತಾಳೆ. ಬಯ್ಯುತ್ತೇನೆಂಬ ಆ ಬೆದರಿಕೆ ಇವತ್ತಿಗೂ ಜಾರಿಯಲ್ಲಿದೆ, ಮತ್ತು ನಾವಿಬ್ಬರೂ ಆ ಹುಡುಗಿಗೆ ಹೆದರಿಕೊಂಡು ತುಂಬಾ ಸುಖವಾಗಿದ್ದೇವೆ.